ಮೂರು ಸಲ ತೊಳೆದರೂ ನಾತ ಹೋಗದ ಕಾರ್ಪೆಟ್

ಪ್ರಶ್ನೆ: ನಮಸ್ಕಾರ ಮೇಡಂ. ನಾವು ಟೆಕ್ಸಸ್‌ನ ಫ್ರಿಸ್ಕೊದಲ್ಲಿ ಬಾಡಿಗೆ ಅಪಾರ್ಟ್‌ಮೆಂಟಿನಲ್ಲಿದ್ದೇವೆ. ನಾಲ್ಕು ತಿಂಗಳ ಹಿಂದೆ ಶೆಲ್ಟರ್‌ನಿಂದ ಎರಡು ವರ್ಷದ ನಾಯಿ ತಂದೆವು. ಗುಂಡ ಅಂತ ಹೆಸರು, ಸುಮಾರು 20 ಕಿಲೋ ಇದ್ದಾನೆ. ಬೆಡ್‌ರೂಮಿನ ಕ್ಲಾಸೆಟ್ಟನ್ನೇ ದೇವರಮನೆ ಮಾಡಿಕೊಂಡಿದ್ದೇವೆ. ಅದರ ಬಾಗಿಲ ಪಕ್ಕದ ಮೂಲೆಯಲ್ಲೇ ಅವನು ಪದೇಪದೇ ಉಚ್ಚೆ ಮಾಡುತ್ತಾನೆ. ಒಂದೆರಡು ಸಲ ಭೇದಿಯೂ ಆಯಿತು. ಕಾರ್ಪೆಟ್ ತೊಳೆಯುವ ಮೆಷಿನ್ ಕೊಂಡು, ಬಿಸಿನೀರು, ಶಾಂಪೂ ಹಾಕಿ ಮೂರು ಸಲ ತೊಳೆದೆ. ಕಲೆ ಹೋದ ಹಾಗೆ ಕಂಡಿತು. ಎರಡು ದಿನಕ್ಕೆ ಮತ್ತೆ ಬಂತು. ನಾತ ಮೊದಲಿಗಿಂತ ಜಾಸ್ತಿ ಆಗಿದೆ. ಊರಿಂದ ಬಂದಿರುವ ಅಮ್ಮ ಫಿನಾಯಿಲ್ ಹಾಕು ಅಂತಾರೆ. ಮೆಷಿನ್ ವಾಪಸ್ ಮಾಡಿಬಿಡಲಾ? ಮನೆ ಬಿಡುವಾಗ ಡೆಪಾಸಿಟ್ ಹೋಗುತ್ತೇನೋ ಅನ್ನುವ ಭಯ ಬೇರೆ.

ಉತ್ತರ: ಮೆಷಿನ್ ವಾಪಸ್ ಮಾಡಬೇಡಿ. ತಪ್ಪು ಅದರದ್ದಲ್ಲ. ನಿಮ್ಮದು ಅಂತಲೂ ಹೇಳಲಾರೆ. ನೀರು ಎಲ್ಲಿ ತುಂಬಬೇಕು, ಬ್ರಷ್ ಹೇಗೆ ಬಿಚ್ಚಬೇಕು ಅಂತ ಅದರ ಜೊತೆ ಬರುವ ಪುಸ್ತಕದಲ್ಲಿ ಬರೆದಿರುತ್ತಾರೆ. ಕಾರ್ಪೆಟ್ಟಿನ ಕೆಳಗೆ ಏನಾಗುತ್ತಿದೆ ಅಂತ ಯಾರೂ ಬರೆಯುವುದಿಲ್ಲ. ನಾನು ನ್ಯೂಜೆರ್ಸಿಯಲ್ಲಿ ಹದಿನಾಲ್ಕು ವರ್ಷದಿಂದ ಕಾರ್ಪೆಟ್ ತೊಳೆಯುವ ಕೆಲಸ ಮಾಡುತ್ತಿದ್ದೇನೆ. "ತೊಳೆದ ಮೇಲೆ ನಾತ ಜಾಸ್ತಿ ಆಯ್ತು" ಅನ್ನುವ ಮಾತನ್ನು ಫೋನಿನಲ್ಲಿ ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ.

ಮೊದಲು ಒಂದು ವಿಷಯ ತಿಳಿದುಕೊಳ್ಳಿ. ಈ ಮೆಷಿನ್ನಿನ ಬೆಲೆಯೆಲ್ಲ ಇರುವುದು ಅದು ಹೀರುವುದರಲ್ಲಿ. ನೀರು ಹಾಕುವ ಕೆಲಸವನ್ನು ಒಂದು ಚೊಂಬೂ ಮಾಡುತ್ತದೆ. ನೀವು ಮೂರು ಸಲ ನೀರು ಹಾಕಿದ್ದೀರಿ. ಹಾಕಿದ್ದರಲ್ಲಿ ಎಷ್ಟನ್ನು ವಾಪಸ್ ಎಳೆದಿರಿ ಅನ್ನುವುದೇ ಪ್ರಶ್ನೆ.

ನಿಮ್ಮ ಕಾಲ ಕೆಳಗೆ ಏನಿದೆ ಅಂತ ಹೇಳುತ್ತೇನೆ, ಆಗ ಉಳಿದದ್ದು ತಾನಾಗಿಯೇ ಅರ್ಥವಾಗುತ್ತದೆ. ಅಮೆರಿಕದ ಕಾರ್ಪೆಟ್ ಉದ್ಯಮದ ಊರು ಅಂದರೆ ಜಾರ್ಜಿಯಾದ ಡಾಲ್ಟನ್. ಅಲ್ಲಿ ಇದನ್ನು ಮಗ್ಗದಲ್ಲಿ ನೇಯುವ ಹಾಗೆ ನೇಯುವುದಿಲ್ಲ, ಹೊಲಿಯುತ್ತಾರೆ. ಒಂದು ಬಟ್ಟೆಯಂಥ ಹಾಳೆಗೆ ಸಾವಿರಾರು ಸೂಜಿಗಳಿಂದ ನೂಲನ್ನು ಚುಚ್ಚಿ ಚುಚ್ಚಿ ಮೇಲೆಬ್ಬಿಸುತ್ತಾರೆ. ನೂಲು ಕಿತ್ತುಬರದಿರಲಿ ಅಂತ ಹಿಂಭಾಗಕ್ಕೆ ಲೇಟೆಕ್ಸ್ ಅಂಟು ಬಳಿದು, ಅದಕ್ಕೆ ಇನ್ನೊಂದು ಹಾಳೆ ಅಂಟಿಸುತ್ತಾರೆ. ಅದರ ಕೆಳಗೆ ಪ್ಯಾಡ್ ಇರುತ್ತದೆ. ಹಳೆಯ ಫೋಮ್ ಚೂರುಗಳನ್ನು ಒತ್ತಿ ಮಾಡಿದ, ಬಣ್ಣಬಣ್ಣದ ಸ್ಪಂಜು ಅದು. ನಡೆಯುವಾಗ ಮೆತ್ತಗೆ ಅನ್ನಿಸುವುದು ಅದರಿಂದಲೇ. ಅದಕ್ಕೂ ಕೆಳಗೆ ನೆಲ. ಟೆಕ್ಸಸ್‌ನಲ್ಲಿ ಕೆಳಮಹಡಿಯಾದರೆ ಹೆಚ್ಚಾಗಿ ಕಾಂಕ್ರೀಟ್. ಮೇಲಿನ ಮಹಡಿಗಳಲ್ಲಿ ಮರದ ಹಲಗೆಯೂ ಇರಬಹುದು.

ಆರೋಗ್ಯವಾಗಿರುವ ನಾಯಿ ದಿನಕ್ಕೆ ತನ್ನ ತೂಕದ ಕಿಲೋಗೆ ಸುಮಾರು 20ರಿಂದ 40 ಮಿಲಿಲೀಟರ್ ಉಚ್ಚೆ ಮಾಡುತ್ತದೆ. ಗುಂಡನಿಗೆ ಲೆಕ್ಕ ಹಾಕಿದರೆ ದಿನಕ್ಕೆ 400ರಿಂದ 800 ಮಿಲಿಲೀಟರ್. ರಾತ್ರಿಯೆಲ್ಲ ತಡೆದುಕೊಂಡು ಬೆಳಿಗ್ಗೆ ಒಂದೇ ಸಲ ಬಿಟ್ಟರೆ ದೊಡ್ಡ ಲೋಟದ ತುಂಬ ಆಗುತ್ತದೆ. ಅಷ್ಟೂ ಬೆಚ್ಚಗೆ ಒಂದೇ ಜಾಗದಲ್ಲಿ ಬೀಳುತ್ತದೆ. ನೂಲಿನ ಬುಡಕ್ಕೆ ಇಳಿದು, ಹೊಲಿಗೆಯ ತೂತುಗಳಿಂದ ಸೋರಿ, ಪ್ಯಾಡಿಗೆ ಹೋಗುತ್ತದೆ. ಅಲ್ಲಿ ಸ್ಪಂಜು ಸಿಕ್ಕಿತಲ್ಲ, ಹರಡಿಕೊಳ್ಳುತ್ತದೆ. ಮೇಲೆ ಅಂಗೈ ಅಗಲದ ಕಲೆ ಕಂಡರೆ ಕೆಳಗೆ ಊಟದ ತಟ್ಟೆಯಷ್ಟು ಅಗಲ ಒದ್ದೆಯಾಗಿರುತ್ತದೆ. ನೀವು ತೊಳೆದಿದ್ದು ಅಂಗೈಯನ್ನು. ತಟ್ಟೆ ಹಾಗೇ ಇದೆ.

ಈಗ ನಾತದ ವಿಷಯ. ಉಚ್ಚೆಯಲ್ಲಿ ಯೂರಿಯಾ ಇರುತ್ತದೆ, ಹೊಲಕ್ಕೆ ಹಾಕುವ ಅದೇ ಯೂರಿಯಾ. ಹೊಸದಾಗಿ ಬಿದ್ದಾಗ ಅಷ್ಟೇನೂ ವಾಸನೆ ಇರುವುದಿಲ್ಲ. ಬ್ಯಾಕ್ಟೀರಿಯಾಗಳು ಅದನ್ನು ಒಡೆದಾಗ ಅಮೋನಿಯಾ ಹುಟ್ಟುತ್ತದೆ. ದನದ ಕೊಟ್ಟಿಗೆಗೆ ಬೆಳಿಗ್ಗೆ ಕಾಲಿಟ್ಟ ಕೂಡಲೇ ಮೂಗಿಗೆ ಬಡಿಯುತ್ತದಲ್ಲ, ಅದೇ. ನೀರು ಆರಿಹೋದ ಮೇಲೆ ಉಪ್ಪುಗಳು ಉಳಿದುಕೊಳ್ಳುತ್ತವೆ. ಮಳೆಗಾಲದಲ್ಲಿ ಅಡುಗೆಮನೆಯ ಉಪ್ಪು ನೀರೊಡೆಯುವ ಹಾಗೆ ಇವೂ ಗಾಳಿಯ ತೇವವನ್ನು ಎಳೆದುಕೊಳ್ಳುತ್ತವೆ. ತೇವ ಸಿಕ್ಕಿದಾಗಲೆಲ್ಲ ನಾತ ಏಳುತ್ತದೆ. ನೀವು ಬಿಸಿನೀರು ಹಾಕಿ, ಪ್ಯಾಡಿನಲ್ಲಿ ಒಣಗಿ ಕೂತಿದ್ದ ಹಳೆಯ ಉಚ್ಚೆಯನ್ನೆಲ್ಲ ಮತ್ತೆ ನೆನೆಸಿದಿರಿ. ಆಮೇಲೆ ಕಾರ್ಪೆಟ್ ಆರುತ್ತಾ ಬಂದಾಗ, ದೀಪದ ಬತ್ತಿ ಎಣ್ಣೆಯನ್ನು ಮೇಲಕ್ಕೆಳೆಯುವ ಹಾಗೆ, ನೂಲುಗಳು ಕೆಳಗಿನ ಕೊಳೆಯನ್ನು ತುದಿಗೆ ಎಳೆದುಕೊಂಡವು. ಕಲೆ "ಮತ್ತೆ ಬಂತು" ಅಂದಿರಲ್ಲ, ಅದು ಹೀಗೆ.

ಶಾಂಪೂ ಇನ್ನೊಂದು ತೊಂದರೆ ಮಾಡಿದೆ. ಪೂರ್ತಿ ತೊಳೆದು ತೆಗೆಯದ ಶಾಂಪೂ ನೂಲಿನ ಮೇಲೆ ಜಿಗುಟಾಗಿ ಕೂರುತ್ತದೆ, ಕಾಲಿನ ಧೂಳನ್ನು ಹಿಡಿಯುತ್ತದೆ. ತೊಳೆದ ಜಾಗವೇ ತಿಂಗಳೊಳಗೆ ಕಪ್ಪಾಗುವ ಮನೆಗಳನ್ನು ನೋಡಿದ್ದೇನೆ. ಜಾಸ್ತಿ ಸೋಪು ಹಾಕಿದರೆ ಜಾಸ್ತಿ ಶುಚಿ ಅನ್ನುವುದು ನಮ್ಮ ಬಟ್ಟೆ ಒಗೆಯುವ ಕಲ್ಲಿನಿಂದ ಬಂದ ಅಭ್ಯಾಸ. ಅಲ್ಲಿ ಬಕೆಟ್ಟುಗಟ್ಟಲೆ ನೀರಲ್ಲಿ ಜಾಲಿಸುತ್ತೇವೆ. ಕಾರ್ಪೆಟ್ಟನ್ನು ಹಾಗೆ ಜಾಲಿಸಲು ಆಗುವುದಿಲ್ಲ, ಅಲ್ವಾ?

ಈ ಶನಿವಾರ ಬಿಡುವು ಮಾಡಿಕೊಂಡು ನಾನು ಹೇಳುವ ಹಾಗೆ ಮಾಡಿ.

ಒಂದು ಯುವಿ ಟಾರ್ಚ್ ತರಿಸಿಕೊಳ್ಳಿ, ದುಬಾರಿಯದ್ದು ಬೇಡ. ರಾತ್ರಿ ದೀಪ ಆರಿಸಿ ಆ ಮೂಲೆಗೆ ಬೆಳಕು ಬಿಡಿ. ಹಳೆಯ ಉಚ್ಚೆ ಮಂಕಾದ ಹಳದಿ-ಹಸಿರಾಗಿ ಹೊಳೆಯುತ್ತದೆ. ಬಾಗಿಲ ಚೌಕಟ್ಟು, ಗೋಡೆಯ ಬುಡದ ಪಟ್ಟಿ, ಮಂಚದ ಕಾಲು ಇವನ್ನೂ ನೋಡಿ, ಏಕೆಂದರೆ ಗಂಡು ನಾಯಿ ಕಾಲೆತ್ತಿ ಹೊಡೆಯುತ್ತದೆ. ಶಾಂಪೂ ಉಳಿದ ಜಾಗವೂ ಹೊಳೆಯುವುದುಂಟು. ಹಾಗಾಗಿ ಅನುಮಾನ ಬಂದರೆ ಬಗ್ಗಿ ಮೂಸಿ ನೋಡಿ. ನಾಚಿಕೆ ಪಡಬೇಡಿ, ನಮ್ಮ ಕೆಲಸದಲ್ಲಿ ಮೂಗಿಗಿಂತ ನಂಬಿಕೆಯ ಸಾಧನ ಇಲ್ಲ. ಸಿಕ್ಕ ಜಾಗಗಳ ಸುತ್ತ ಪೇಂಟರ್ ಟೇಪ್ ಅಂಟಿಸಿ ಗುರುತು ಮಾಡಿ. ಬೆಳಗಾದ ಮೇಲೆ ಏನೂ ಕಾಣುವುದಿಲ್ಲ.

ಮೊದಲ ಕೆಲಸ ನೀವು ಹಾಕಿದ ಶಾಂಪೂವನ್ನು ಹೊರಗೆ ತರುವುದು. ಮೊದಲು ಒಣ ವ್ಯಾಕ್ಯೂಮ್ ಮಾಡಿ ಕೂದಲು ತೆಗೆಯಿರಿ. ಒದ್ದೆಯಾದ ಕೂದಲು ಬ್ರಷ್ಷಿಗೆ ಹಗ್ಗದ ಹಾಗೆ ಸುತ್ತಿಕೊಳ್ಳುತ್ತದೆ. ಆಮೇಲೆ ಮೆಷಿನ್ನಿನ ಟ್ಯಾಂಕಿಗೆ ಬರೀ ತಣ್ಣೀರು, ನಾಲ್ಕು ಲೀಟರಿಗೆ ಅರ್ಧ ಕಪ್ ಬಿಳಿ ವಿನೆಗರ್. ಶಾಂಪೂ ಮತ್ತು ಹಳೆಯ ಉಚ್ಚೆ ಎರಡೂ ಕ್ಷಾರ, ವಿನೆಗರ್ ಅದನ್ನು ಸಮ ಮಾಡುತ್ತದೆ. ಕೆಲವು ಕಂಪನಿಗಳು ಟ್ಯಾಂಕಿಗೆ ಬೇರೆ ಏನೂ ಹಾಕಬೇಡಿ ಅನ್ನುತ್ತವೆ. ನಿಮ್ಮದರಲ್ಲಿ ಹಾಗೆ ಬರೆದಿದ್ದರೆ ವಿನೆಗರ್ ನೀರನ್ನು ಸ್ಪ್ರೇ ಬಾಟಲಿಯಲ್ಲಿ ಹಾಕಿಕೊಂಡು ಕಾರ್ಪೆಟ್ಟಿಗೇ ಹೊಡೆಯಿರಿ.

ಈಗ ನೀರು ಬಿಡುವ ಟ್ರಿಗರ್ ಒತ್ತಿಕೊಂಡು ಒಂದು ಸಲ ನಿಧಾನವಾಗಿ ಹಿಂದಕ್ಕೆ ಎಳೆಯಿರಿ. ಟ್ರಿಗರ್ ಬಿಡಿ. ಅದೇ ಜಾಗದ ಮೇಲೆ ಬರೀ ಹೀರಿಸುತ್ತಾ ಮೂರು ಸಲ ಎಳೆಯಿರಿ. ಬೇಕಾದರೆ ನಾಲ್ಕು. ಇದಕ್ಕೆ ನಾವು ಡ್ರೈ ಪಾಸ್ ಅನ್ನುತ್ತೇವೆ. ಅವಸರ ಬೇಡ, ಹೆಜ್ಜೆ ಮುಂದೆ ಹೆಜ್ಜೆ ಇಟ್ಟಷ್ಟು ನಿಧಾನ ಇರಲಿ. ಹೆಚ್ಚಿನವರು ಮನೆ ಗುಡಿಸುವ ವೇಗದಲ್ಲಿ ತಳ್ಳಿಕೊಂಡು ಹೋಗುತ್ತಾರೆ. ಹೀರುವ ಬಾಯಿಗೆ ನೀರು ಹಿಡಿಯಲು ಸಮಯವೇ ಸಿಗುವುದಿಲ್ಲ. ಮೆಷಿನ್ನಿನ ಮೇಲಿನ ಗಾಜಿನಂಥ ಮುಚ್ಚಳದಲ್ಲಿ ನೀರು ಓಡುವುದು ಕಾಣುತ್ತದೆ. ಅಲ್ಲಿ ಹನಿ ಕಾಣುವುದು ನಿಂತ ಮೇಲೆಯೇ ಮುಂದಿನ ಪಟ್ಟಿಗೆ ಹೋಗಿ. ಕೊಳೆ ನೀರಿನ ಟ್ಯಾಂಕಿನಲ್ಲಿ ನೊರೆ ಬರುವಷ್ಟು ಹೊತ್ತೂ ಹಳೆಯ ಶಾಂಪೂ ಬರುತ್ತಿದೆ ಅಂತಲೇ ಅರ್ಥ. ನೊರೆ ಜಾಸ್ತಿಯಾದರೆ ಒಳಗಿನ ತೇಲುಬುರುಡೆ ಮೇಲೆದ್ದು ಹೀರುವುದನ್ನು ನಿಲ್ಲಿಸಿಬಿಡುತ್ತದೆ. ಮೋಟಾರಿನ ಸದ್ದು ಬದಲಾದರೆ ನಿಲ್ಲಿಸಿ, ಟ್ಯಾಂಕ್ ಖಾಲಿ ಮಾಡಿ.

ನೊರೆ ನಿಂತ ಮೇಲೆ ಎನ್‌ಜೈಮ್ ದ್ರಾವಣ. ಸಾಕುಪ್ರಾಣಿಗಳ ಅಂಗಡಿಯಲ್ಲಿ ಉಚ್ಚೆ ಕಲೆಗೆ ಅಂತಲೇ ಸಿಗುತ್ತದೆ. ನಾತ ಹುಟ್ಟಿಸುವ ವಸ್ತುಗಳನ್ನೇ ಅದು ಒಡೆಯುತ್ತದೆ, ಸುಗಂಧದಿಂದ ಮುಚ್ಚುವುದಿಲ್ಲ. ಆದರೆ ಅದು ಉಚ್ಚೆ ಎಲ್ಲಿಯವರೆಗೆ ಇಳಿದಿದೆಯೋ ಅಲ್ಲಿಯವರೆಗೆ ಇಳಿಯಬೇಕು. ಮೇಲೆ ಎರಡು ಸಲ ಪಿಚಕ್ ಅಂತ ಹೊಡೆದು, ಐದು ನಿಮಿಷಕ್ಕೆ ಒರೆಸಿದರೆ ದುಡ್ಡು ದಂಡ. ಇದೊಂದು ಹಂತದಲ್ಲಿ ಮಾತ್ರ ನಾನು ಧಾರಾಳವಾಗಿ ಸುರಿಯಿರಿ ಅನ್ನುತ್ತೇನೆ. ಟೇಪಿನ ಗುರುತಿಗಿಂತ ಒಂದು ಗೇಣು ಆಚೆಯವರೆಗೂ ನೆನೆಯಲಿ. ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿ, ಆರದ ಹಾಗೆ ನೋಡಿಕೊಳ್ಳಿ. ಒದ್ದೆ ಇದ್ದಷ್ಟು ಹೊತ್ತು ಮಾತ್ರ ಅದು ಕೆಲಸ ಮಾಡುವುದು. ಎಷ್ಟು ಹೊತ್ತು ಬಿಡಬೇಕು ಅಂತ ಬಾಟಲಿಯ ಮೇಲೆ ಇರುತ್ತದೆ. ಹಳೆಯ ಕಲೆಗೆ ನಾನು ಸಾಮಾನ್ಯವಾಗಿ ರಾತ್ರಿ ಹಾಕಿ ಬೆಳಿಗ್ಗೆ ತೆಗೆಯುತ್ತೇನೆ. ಗುಂಡನನ್ನು ಆ ರಾತ್ರಿ ಬೇರೆ ಕೋಣೆಯಲ್ಲಿ ಮಲಗಿಸಿ. ಅರ್ಧದಲ್ಲಿ ನಾತ ಜೋರಾಗಬಹುದು, ಹೆದರಬೇಡಿ.

ಬೆಳಿಗ್ಗೆ ಬರೀ ನೀರಿನಲ್ಲಿ ಒಂದು ಸಲ, ಆಮೇಲೆ ಡ್ರೈ ಪಾಸ್ ಕೈ ಸೋಲುವವರೆಗೆ. ಅದಾದ ಮೇಲೆ ಹಳೆಯ ಬಿಳಿ ಟವೆಲ್ ಮಡಚಿ ಹಾಕಿ, ಅದರ ಮೇಲೆ ನಿಂತು ತೂಕ ಬಿಡಿ. ಫ್ಯಾನನ್ನು ನೆಲಕ್ಕೆ ಹತ್ತಿರ ಇಟ್ಟು ಗಾಳಿ ಮಲಗಿ ಹೋಗುವ ಹಾಗೆ ಮಾಡಿ. ಎಸಿಯೂ ಓಡುತ್ತಿರಲಿ, ಅದು ತೇವ ತೆಗೆಯುತ್ತದೆ. ಒದ್ದೆಯಾದ ಕಾರ್ಪೆಟ್ಟನ್ನು 24ರಿಂದ 48 ಗಂಟೆಯೊಳಗೆ ಪೂರ್ತಿ ಒಣಗಿಸಬೇಕು, ಇಲ್ಲದಿದ್ದರೆ ಬೂಸ್ಟು ಹಿಡಿಯುತ್ತದೆ. ಆಗ ನಾಯಿ ನಾತದ ಜೊತೆ ಹಳೆಯ ಗೋಣಿಚೀಲದ ನಾತವೂ ಸೇರುತ್ತದೆ.

ಬಿಸಿನೀರಿನ ಬಗ್ಗೆ ಹೇಳಲೇಬೇಕು. ಈ ಮೆಷಿನ್‌ಗಳನ್ನು ಎಲ್ಲರೂ ಸ್ಟೀಮ್ ಕ್ಲೀನರ್ ಅಂತಾರೆ. ಇದರಲ್ಲಿ ಸ್ಟೀಮ್ ಇಲ್ಲ, ನೀರು ಚಿಮ್ಮಿಸಿ ವಾಪಸ್ ಹೀರುತ್ತದೆ ಅಷ್ಟೇ. ಕಾಲಿನ ಮಣ್ಣು, ಎಣ್ಣೆ ಜಿಡ್ಡಿಗೆ ಬಿಸಿನೀರು ಒಳ್ಳೆಯದು. ಭೇದಿ, ವಾಂತಿ, ರಕ್ತ ಇವುಗಳಲ್ಲಿ ಪ್ರೋಟೀನ್ ಇರುತ್ತದೆ. ತೀರಾ ಬಿಸಿ ತಾಗಿದರೆ, ಬೆಂದ ಮೊಟ್ಟೆಯ ಬಿಳಿಯ ಹಾಗೆ ಅದು ಗಟ್ಟಿಯಾಗಿ ನೂಲಿಗೆ ಕಚ್ಚಿಕೊಳ್ಳುತ್ತದೆ. ಎನ್‌ಜೈಮ್ ಕೂಡ ಬಿಸಿಗೆ ಸತ್ತುಹೋಗುತ್ತದೆ. ಪ್ರಾಣಿಗಳ ಗಲೀಜಿಗೆ ಮೊದಲ ನೀರು ಯಾವಾಗಲೂ ತಣ್ಣಗಿರಲಿ. ನಿಜವಾಗಿಯೂ ಹಬೆ ಬಿಡುವ ನೆಲ ಒರೆಸುವ ಸಾಧನಗಳನ್ನು ಉಚ್ಚೆ ಕಲೆಯ ಹತ್ತಿರಕ್ಕೂ ತರಬೇಡಿ.

ಈಗ ಅಮ್ಮನ ಫಿನಾಯಿಲ್. ನಿಮ್ಮ ಅಮ್ಮ ಹೇಳಿದ್ದು ಅವರ ಮನೆಯ ನೆಲಕ್ಕೆ ಸರಿಯೇ. ಸಿಮೆಂಟು, ಮೊಸಾಯಿಕ್ ನೆಲದಲ್ಲಿ ನೀರು ಹಾಕಿ ಒರೆಸಿದರೆ ಹೋಗುತ್ತದೆ. ಕಾರ್ಪೆಟ್ಟಿನಲ್ಲಿ ಹೋಗುವುದಕ್ಕೆ ದಾರಿ ಇಲ್ಲ, ಅಲ್ಲೇ ಉಳಿಯುತ್ತದೆ. ಗುಂಡ ಅದರ ಮೇಲೆ ಮಲಗುತ್ತಾನೆ, ಆಮೇಲೆ ಕಾಲು ನೆಕ್ಕುತ್ತಾನೆ. ಬೆಕ್ಕಿರುವ ಮನೆಯಲ್ಲಂತೂ ಫಿನಾಯಿಲ್, ಡೆಟಾಲ್, ಪೈನ್ ಎಣ್ಣೆ, ಟೀ ಟ್ರೀ ಎಣ್ಣೆ ಖಂಡಿತ ಬೇಡ. ಇಂಥ ವಸ್ತುಗಳನ್ನು ಕರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಲಿವರ್‌ಗೆ ತುಂಬ ಕಡಿಮೆ. ಮೈ ನೆಕ್ಕಿಕೊಂಡೇ ವಿಷ ಏರಿಸಿಕೊಳ್ಳುತ್ತದೆ. ಬ್ಲೀಚ್ ಇನ್ನೂ ಅಪಾಯ. ಉಚ್ಚೆಯ ಅಮೋನಿಯಾ ಜೊತೆ ಸೇರಿದರೆ ಕ್ಲೋರಮೈನ್ ಅನಿಲ ಏಳುತ್ತದೆ, ಉಸಿರು ಕಟ್ಟಿಸುತ್ತದೆ. ಅಮೋನಿಯಾ ಇರುವ ಕ್ಲೀನರ್ ಹಾಕಿದರೆ ಆ ಜಾಗ ನಾಯಿಗೆ ಮತ್ತೆ ಉಚ್ಚೆಯ ಹಾಗೇ ವಾಸನೆ ಬಡಿಯುತ್ತದೆ. ಇನ್ನೊಂದು ವಿಷಯ: ಕೀಟಾಣು ಕೊಲ್ಲುವ ಯಾವುದೇ ದ್ರಾವಣ ಹಾಕಿದ ಜಾಗದಲ್ಲಿ ಎನ್‌ಜೈಮ್ ಸರಿಯಾಗಿ ಕೆಲಸ ಮಾಡುವುದಿಲ್ಲ. ಈಗಾಗಲೇ ಹಾಕಿದ್ದರೆ ಎರಡು ಸಲ ಬರೀ ನೀರಲ್ಲಿ ತೆಗೆದುಬಿಡಿ, ಆಮೇಲೆ ಎನ್‌ಜೈಮ್.

ಭೇದಿಗೆ ಬರೋಣ. ಮೆಷಿನ್ ಇದೆ ಅಂತ ಅದರ ಮೇಲೇ ಓಡಿಸುವವರನ್ನು ನೋಡಿದ್ದೇನೆ. ದಯವಿಟ್ಟು ಮಾಡಬೇಡಿ. ತಿರುಗುವ ಬ್ರಷ್ ಅದನ್ನು ಹತ್ತು ಪಟ್ಟು ಜಾಗಕ್ಕೆ ಬಳಿಯುತ್ತದೆ, ಕೊಳವೆ ಕಟ್ಟಿಕೊಳ್ಳುತ್ತದೆ, ಮೆಷಿನ್ನಿನ ಹೊಟ್ಟೆಯೊಳಗೆ ನಾತ ಮನೆ ಮಾಡುತ್ತದೆ. ಗಟ್ಟಿಯಾದದ್ದನ್ನು ಪೇಪರ್ ಟವೆಲ್‌ನಲ್ಲಿ ಎತ್ತಿ. ತೆಳ್ಳಗಿದ್ದರೆ ಮೇಲೆ ಕಾರ್ನ್‌ಸ್ಟಾರ್ಚ್ ಅಥವಾ ಅಡುಗೆ ಸೋಡಾ ದಪ್ಪಗೆ ಉದುರಿಸಿ ಹತ್ತು ಹದಿನೈದು ನಿಮಿಷ ಬಿಡಿ. ನೀರು ಹೀರಿಕೊಂಡು ಹಿಟ್ಟಿನ ಹಾಗೆ ಆಗುತ್ತದೆ. ಹಳೆಯ ಪ್ಲಾಸ್ಟಿಕ್ ಕಾರ್ಡಿನಿಂದ ಹೊರಗಿನಿಂದ ಒಳಕ್ಕೆ ಕೆರೆದು ತೆಗೆಯಿರಿ. ಉಜ್ಜಬೇಡಿ, ಉಜ್ಜಿದರೆ ನೂಲಿನ ತುದಿ ಕೆದರಿ ಆ ಜಾಗ ಶಾಶ್ವತವಾಗಿ ಮಂಕಾಗುತ್ತದೆ. ಇಷ್ಟಾದ ಮೇಲೆ ತಣ್ಣೀರು ಚಿಮುಕಿಸಿ, ಮೆಷಿನ್ನಿನ ಕೈಕೊಳವೆಯಿಂದ ಹೀರಿಸಿ. ದೊಡ್ಡ ಬ್ರಷ್ ಕೊನೆಗೆ. ವಾಂತಿಗೂ ಇದೇ ಕ್ರಮ. ಹಳದಿ ಪಿತ್ತದ ಕಲೆ, ಬಣ್ಣ ಹಾಕಿದ ನಾಯಿ ತಿಂಡಿಯ ಕೆಂಪು ಕಲೆ ಮಾತ್ರ ಕಾದಷ್ಟೂ ಕಚ್ಚುತ್ತದೆ. ಕಂಡ ಕೂಡಲೇ ಕೈ ಹಾಕಿ.

ಭೇದಿಯಲ್ಲಿ ರಕ್ತ ಇದ್ದರೆ, ಅಥವಾ ಲಸಿಕೆ ಪೂರ್ತಿಯಾಗದ ಮರಿ ಇದ್ದರೆ, ಕಾರ್ಪೆಟ್ ಆಮೇಲೆ, ಪಶುವೈದ್ಯರು (ವೆಟ್) ಮೊದಲು. ನಾಯಿಮರಿಗಳಿಗೆ ರಕ್ತಭೇದಿ ತರುವ ಪಾರ್ವೋ ವೈರಸ್ ಕಾರ್ಪೆಟ್ಟಿನಲ್ಲಿ ತಿಂಗಳುಗಟ್ಟಲೆ ಬದುಕಬಲ್ಲದು, ಮನೆಯ ಶಾಂಪೂಗೆ ಅದು ಸಾಯುವುದಿಲ್ಲ.

ಇನ್ನು ಮುಂದೆ ಹೊಸದಾಗಿ ಉಚ್ಚೆ ಮಾಡಿದರೆ? ಟ್ಯಾಂಕಿಗೆ ನೀರು ತುಂಬುವುದಕ್ಕೆ ಓಡಬೇಡಿ. ಖಾಲಿ ಮೆಷಿನ್ ತಂದು, ಟ್ರಿಗರ್ ಮುಟ್ಟದೆ, ಮೊದಲು ಉಚ್ಚೆಯನ್ನೇ ಹೀರಿಸಿ. ಎಲ್ಲರೂ ಮರೆಯುವುದು ಇದನ್ನೇ. ಮೊದಲ ಎರಡು ನಿಮಿಷದಲ್ಲಿ ಹೊರಗೆ ಬಂದದ್ದು ಪ್ಯಾಡಿಗೆ ಇಳಿಯುವುದಿಲ್ಲ. ಮೊದಲೇ ನೀರು ಚಿಮ್ಮಿಸಿದರೆ ನೀವೇ ಅದನ್ನು ಕೆಳಕ್ಕೆ ತಳ್ಳಿದ ಹಾಗೆ. ಹೀರಿಸಿದ ಮೇಲೆ ಒಂದು ಲೋಟ ತಣ್ಣೀರು, ಮತ್ತೆ ಹೀರಿಸುವುದು, ಎನ್‌ಜೈಮ್. ಮೆಷಿನ್ ಅಟ್ಟದ ಮೇಲಿದ್ದರೆ ಪೇಪರ್ ಟವೆಲ್ ದಪ್ಪಗೆ ಹಾಕಿ ಮೇಲೆ ನಿಂತುಕೊಳ್ಳಿ. ಸಣ್ಣ ಕೈಮೆಷಿನ್ ಇದ್ದರೆ ಈ ಕೆಲಸಕ್ಕೆ ದೊಡ್ಡದಕ್ಕಿಂತ ಅದೇ ವಾಸಿ. ಕೈಗೆ ಸಿಗುವ ಜಾಗದಲ್ಲಿ ಇರುತ್ತದೆ.

ಇಷ್ಟೆಲ್ಲ ಮಾಡಿದ ಮೇಲೂ ನಾತ ಹೋಗದೇ ಇರಬಹುದು. ನಾಲ್ಕು ತಿಂಗಳು ಒಂದೇ ಮೂಲೆ ಅಂದಿರಿ. ಅಷ್ಟು ನೆನೆದ ಪ್ಯಾಡನ್ನು ಮನೆಯ ಮೆಷಿನ್ ಹಿಂಡಲಾರದು. ಅದರ ಹೀರುವ ಶಕ್ತಿ ನೂಲಿನ ಬುಡದವರೆಗೆ ಚೆನ್ನಾಗಿರುತ್ತದೆ, ಪ್ಯಾಡಿಗೆ ಹೋಗುವಷ್ಟರಲ್ಲಿ ಸೋತಿರುತ್ತದೆ. ನಮ್ಮಂಥವರ ಬಳಿ ಅಗಲವಾದ, ಚಪ್ಪಟೆ ಸಾಧನ ಒಂದಿರುತ್ತದೆ. ಅದರ ಮೇಲೆ ನಿಂತುಕೊಂಡು, ದೊಡ್ಡ ಮೋಟಾರಿಗೆ ಜೋಡಿಸಿ, ಪ್ಯಾಡಿನಿಂದಲೇ ನೀರು ಎಳೆಯುತ್ತೇವೆ. ಕೆಲಸಕ್ಕೆ ಕರೆಯುವ ಮುಂಚೆ ಫೋನಿನಲ್ಲಿ "ಪ್ಯಾಡಿನಿಂದ ನೀರು ಎಳೆಯುವ ಸಾಧನ ಇದೆಯಾ" ಅಂತ ಕೇಳಿ. "ಮೇಲೆ ಡಿಯೋಡರೈಸರ್ ಹೊಡೆಯುತ್ತೇವೆ" ಅನ್ನುವ ಉತ್ತರ ಬಂದರೆ ಬೇರೆಯವರನ್ನು ಹುಡುಕಿ.

ಅದಕ್ಕೂ ಬಗ್ಗದಿದ್ದರೆ ಪ್ಯಾಡನ್ನು ಕತ್ತರಿಸಿ ತೆಗೆಯಬೇಕು. ಕಾರ್ಪೆಟ್ಟನ್ನು ಗೋಡೆಯ ಬದಿಯಿಂದ ಎತ್ತಿ, ಕೊಳೆತ ಭಾಗದ ಪ್ಯಾಡ್ ತೆಗೆದು, ಕೆಳಗಿನ ಹಲಗೆ ಅಥವಾ ಕಾಂಕ್ರೀಟನ್ನು ಎನ್‌ಜೈಮ್ ಹಾಕಿ ತೊಳೆದು ಒಣಗಿಸಬೇಕು. ಅದರ ಮೇಲೆ ಶೆಲಾಕ್ ಪ್ರೈಮರ್ ಬಳಿದರೆ ನಾತ ಅಲ್ಲೇ ಮುಚ್ಚಿಹೋಗುತ್ತದೆ. ಶೆಲಾಕ್ ಅಂದರೆ ನಮ್ಮ ಅರಗು. ಚನ್ನಪಟ್ಟಣದ ಗೊಂಬೆಗೆ ಹೊಳಪು ಕೊಡುವ ಅದೇ ಅರಗು ಇಲ್ಲಿ ನಾಯಿ ಉಚ್ಚೆಯ ನಾತ ತಡೆಯುತ್ತದೆ. ಈ ಕೆಲಸಕ್ಕೆ ಅದಕ್ಕಿಂತ ಒಳ್ಳೆಯದನ್ನು ನಾನು ಕಂಡಿಲ್ಲ. ಹೊಸ ಪ್ಯಾಡಿನ ತುಂಡು ಹಾಕಿ ಕಾರ್ಪೆಟ್ ಮತ್ತೆ ಎಳೆದು ಕೂರಿಸುತ್ತಾರೆ. ಒಂದು ಮೂಲೆಗೆ ಇದು ಅರ್ಧ ದಿನದ ಕೆಲಸ.

ನಿಮ್ಮದು ಬಾಡಿಗೆ ಮನೆ, ಹಾಗಾಗಿ ಎತ್ತಿ ಕತ್ತರಿಸುವ ಮುಂಚೆ ಅಪಾರ್ಟ್‌ಮೆಂಟಿನ ಆಫೀಸಿಗೆ ತಿಳಿಸಿ, ಬರೆದು ತಿಳಿಸಿ. ಟೆಕ್ಸಸ್ ಕಾನೂನಿನ ಪ್ರಕಾರ ಮನೆ ಬಿಟ್ಟ 30 ದಿನದೊಳಗೆ ಡೆಪಾಸಿಟ್ ವಾಪಸ್ ಕೊಡಬೇಕು. ಸಹಜವಾದ ಸವೆತಕ್ಕೆ ದುಡ್ಡು ಮುರಿದುಕೊಳ್ಳುವ ಹಾಗಿಲ್ಲ. ಆದರೆ ನಾಯಿ ಉಚ್ಚೆಯನ್ನು ಸಹಜ ಸವೆತ ಅಂತ ಯಾರೂ ಒಪ್ಪುವುದಿಲ್ಲ. ಒಂದು ಮೂಲೆಯ ಪ್ಯಾಡ್ ಈಗ ಬದಲಾಯಿಸುವ ಖರ್ಚು, ಕೊನೆಗೆ ಇಡೀ ಕೋಣೆಯ ಕಾರ್ಪೆಟ್ಟಿಗೆ ಹಾಕುವ ಬಿಲ್ಲಿಗಿಂತ ಎಷ್ಟೋ ಕಡಿಮೆ. ಮಾಡಿದ ಕೆಲಸದ ಫೋಟೋ, ರಸೀದಿ ಇಟ್ಟುಕೊಳ್ಳಿ. ಕೆಲವು ಕಡೆ ಉಚ್ಚೆ ಬಣ್ಣವನ್ನೇ ತಿಂದಿರುತ್ತದೆ, ಅದು ಕಲೆ ಅಲ್ಲ, ಬಣ್ಣ ಹೋಗಿರುವುದು. ಅದನ್ನು ಯಾವ ಮೆಷಿನ್ನೂ ವಾಪಸ್ ತರುವುದಿಲ್ಲ. ಉಜ್ಜಿ ಉಜ್ಜಿ ಸೋಲಬೇಡಿ.

ಬೆಕ್ಕು ಸಾಕಿರುವವರೂ ಇದನ್ನು ಓದುತ್ತಿರಬಹುದು. ಬೆಕ್ಕಿನ ಉಚ್ಚೆ ಬೇರೆಯೇ ಕಥೆ. ಅದರಲ್ಲಿ ಫೆಲಿನಿನ್ ಅನ್ನುವ ವಸ್ತು ಇದೆ, ಅದು ಒಡೆದಾಗ ಗಂಧಕದ ಸಂಯುಕ್ತಗಳು ಹೊರಬರುತ್ತವೆ. ಹಿಂಗಿನ ಡಬ್ಬಿ ತೆರೆದರೆ ಮನೆಯೆಲ್ಲ ಹರಡುವುದೂ ಗಂಧಕದ ಸಂಯುಕ್ತಗಳ ವಾಸನೆಯೇ. ಅದಕ್ಕೇ ಬೆಕ್ಕಿನ ಉಚ್ಚೆಯ ನಾತ ದಿನ ಕಳೆದಂತೆ ಜೋರಾಗುತ್ತದೆ. ಆಪರೇಷನ್ ಆಗದ ಗಂಡು ಬೆಕ್ಕಿನದು ಇನ್ನೂ ಜಾಸ್ತಿ. ಎನ್‌ಜೈಮ್ ಎರಡು ಮೂರು ಸಲ ಹಾಕಬೇಕಾಗುತ್ತದೆ.

ಬೆಂಗಳೂರಿನಿಂದಲೂ ಆಗಾಗ ಒಂದು ಪ್ರಶ್ನೆ ಬರುತ್ತದೆ: ಅಮೆರಿಕದಿಂದ ಈ ಮೆಷಿನ್ ತರಿಸಿಕೊಳ್ಳಲಾ ಅಂತ. ಬೇಡ. ಇಲ್ಲಿನ ಮೆಷಿನ್ 120 ವೋಲ್ಟಿನದು, ಅಲ್ಲಿ 230. ನೇರವಾಗಿ ಹಾಕಿದರೆ ಮೋಟಾರ್ ಸುಡುತ್ತದೆ. ಅದೂ ಅಲ್ಲದೆ ಅಲ್ಲಿನ ಮನೆಗಳಲ್ಲಿ ಟೈಲ್ಸ್ ನೆಲ, ಮೇಲೊಂದು ಎತ್ತಿ ಒಯ್ಯಬಹುದಾದ ರಗ್. ಎತ್ತಿ ಎರಡೂ ಕಡೆ ತೊಳೆದು ಬಿಸಿಲಿಗೆ ಹಾಕುವ ಭಾಗ್ಯ ನಮಗಿಲ್ಲಿ ಇಲ್ಲ. ಆದರೆ ಕಾಶ್ಮೀರದ ಉಣ್ಣೆ, ರೇಷ್ಮೆ ಕಾರ್ಪೆಟ್ಟಿಗೆ ಮೆಷಿನ್ನೂ ಬೇಡ, ಪ್ರೋಟೀನ್ ಒಡೆಯುವ ಎನ್‌ಜೈಮೂ ಬೇಡ. ಉಣ್ಣೆ, ರೇಷ್ಮೆ ಎರಡೂ ಪ್ರೋಟೀನೇ ಅಲ್ವಾ, ಅದು ಕಲೆಯ ಜೊತೆ ನೂಲನ್ನೂ ತಿನ್ನುತ್ತದೆ. ಸೆಣಬಿನ ರಗ್ ನೀರು ಕುಡಿದರೆ ಕಂದು ಬಣ್ಣಕ್ಕೆ ತಿರುಗುತ್ತದೆ. ನವಲಗುಂದದ ಜಮಖಾನದಂಥ ಕೈನೇಯ್ಗೆಗೆ ಮೊದಲು ಒದ್ದೆ ಬಿಳಿ ಬಟ್ಟೆ ಒತ್ತಿ ನೋಡಿ. ಬಣ್ಣ ಬಟ್ಟೆಗೆ ಹತ್ತಿದರೆ ಅಲ್ಲಿಗೇ ನಿಲ್ಲಿಸಿ, ಬಲ್ಲವರಿಗೆ ಕೊಡಿ. ಕೆಲಸ ಕಲಿಯುತ್ತಿದ್ದ ಮೊದಲ ವರ್ಷ ನಾನು ಈ ಪರೀಕ್ಷೆ ಮಾಡದೆ ಒಬ್ಬರ ಮನೆಯ ಕೆಂಪು ಉಣ್ಣೆ ರಗ್ ತೊಳೆದೆ. ಅಂಚಿನ ಬಿಳಿ ಪಟ್ಟಿಯೆಲ್ಲ ಗುಲಾಬಿಯಾಯಿತು. ಅವರ ಅಜ್ಜಿಯ ಕಾಲದ್ದು. ಹಣ ಕೊಟ್ಟೆ, ಅದರಿಂದ ಅವರಿಗೆ ರಗ್ ವಾಪಸ್ ಸಿಗಲಿಲ್ಲ. ಇವತ್ತಿಗೂ ಬಿಳಿ ಬಟ್ಟೆ ಇಲ್ಲದೆ ಯಾರ ಮನೆಗೂ ಹೋಗುವುದಿಲ್ಲ.

ಪ್ರತಿ ಸಲ ಕೆಲಸ ಮುಗಿದ ಮೇಲೆ ಮೆಷಿನ್ನನ್ನೂ ತೊಳೆಯಿರಿ. ಕೊಳೆ ಟ್ಯಾಂಕನ್ನು ಸಿಂಕಿಗೆ ಬೇಡ, ಟಾಯ್ಲೆಟ್ಟಿಗೆ ಸುರಿಯಿರಿ. ಕೊಳವೆಯಲ್ಲಿ ಒಂದು ಜಗ್ ಶುದ್ಧ ನೀರು ಹೀರಿಸಿ. ಬ್ರಷ್ಷಿನ ಕೂದಲು ಕತ್ತರಿಯಿಂದ ಕತ್ತರಿಸಿ ತೆಗೆಯಿರಿ. ಟ್ಯಾಂಕುಗಳ ಮುಚ್ಚಳ ತೆರೆದಿಟ್ಟು ಒಣಗಿಸಿ. ಹಾಗೇ ಮುಚ್ಚಿಟ್ಟರೆ ಮುಂದಿನ ಸಲ ಅದೇ ನಾತವನ್ನು ಇಡೀ ಕೋಣೆಗೆ ಹಂಚುತ್ತೀರಿ.

ಗುಂಡನ ಬಗ್ಗೆ ಒಂದು ಮಾತು. ಎರಡು ವರ್ಷದ ನಾಯಿ ಒಂದೇ ಜಾಗಕ್ಕೆ ಪದೇಪದೇ ಹೋಗುತ್ತಿದ್ದರೆ ಅದು ಹಟ ಅಲ್ಲ. ಹಳೆಯ ವಾಸನೆ ಅವನನ್ನು ಕರೆಯುತ್ತಿದೆ. ಮೂತ್ರದ ಸೋಂಕೂ ಇರಬಹುದು, ಒಂದು ಸಲ ವೆಟ್‌ಗೆ ತೋರಿಸಿ ಮೂತ್ರ ಪರೀಕ್ಷೆ ಮಾಡಿಸಿ. ದೇವರಮನೆಯ ಪಕ್ಕ ಅಂತ ನಿಮಗೂ ಅಮ್ಮನಿಗೂ ಮನಸ್ಸಿಗೆ ಕಷ್ಟ ಆಗಿರುವುದು ನನಗೆ ಅರ್ಥವಾಗುತ್ತದೆ. ಅವನಿಗೆ ಬೈಯಬೇಡಿ. ಬೈದರೆ ಮಂಚದ ಕೆಳಗೆ ಹೋಗಿ ಮಾಡುತ್ತಾನೆ, ಆಗ ಹುಡುಕುವುದೂ ಕಷ್ಟ. ಆ ಮೂಲೆ ಪೂರ್ತಿ ಒಣಗುವವರೆಗೆ ಒಂದು ಸಣ್ಣ ಗೇಟು ಅಡ್ಡ ಇಡಿ, ಅಮ್ಮನ ಪೂಜೆಯೂ ನೆಮ್ಮದಿಯಾಗಿ ನಡೆಯುತ್ತದೆ.

ಶನಿವಾರ ಶುರು ಮಾಡುವ ಮುಂಚೆ ಆಫೀಸಿನವರನ್ನು ಕೇಳಿ, ಮೂಲೆಯ ಕಾರ್ಪೆಟ್ಟನ್ನು ಇಕ್ಕಳದಿಂದ ಹಿಡಿದು ಒಂದು ಗೇಣು ಮಾತ್ರ ಎತ್ತಿ ನೋಡಿ. ಗೋಡೆಯ ಬದಿಗೆ ಮೊಳೆಗಳ ಪಟ್ಟಿ ಇರುತ್ತದೆ, ಕೈ ಜೋಪಾನ. ಪ್ಯಾಡ್ ಒಣಗಿದ್ದು ಬಣ್ಣ ಸರಿಯಾಗಿದ್ದರೆ ಮೇಲೆ ಹೇಳಿದಷ್ಟು ಸಾಕು. ಕಂದು ಕಲೆ ಇದ್ದು ಮುಟ್ಟಿದರೆ ಪುಡಿಯಾಗುತ್ತಿದ್ದರೆ, ನೀರು ಹಾಕುವ ಶ್ರಮ ಪಡಬೇಡಿ, ಅದನ್ನು ಬದಲಾಯಿಸಲೇಬೇಕು. ಏನು ಕಂಡಿತು ಅಂತ ಒಂದು ಫೋಟೋ ಜೊತೆ ಬರೆಯಿರಿ, ಮುಂದಿನದು ಹೇಳುತ್ತೇನೆ.